ಕೂಗುವವನಿಗೆ ಮಜ್ಜಿಗೆ

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಶಿಷ್ಯೆ ಗುರುಗಳನ್ನು ಕೇಳಿದಳು:

"ಸರ್, ಕಪ್ಪೆಯ ಭ್ರೂಣದಾಗ ಇರೋ ಎಲ್ಲಾ ಜೀವಕೋಶಕ್ಕೂ ಅವೇ ವಂಶವಾಹಿ. ಒಂದಕ್ಕ ಹೆಚ್ಚಿಲ್ಲ, ಒಂದಕ್ಕ ಕಡಿಮಿ ಇಲ್ಲ. ಹಂಗಿದ್ದಮ್ಯಾಲೆ ಯಾವುವೋ ಒಂದಿಷ್ಟು ಕೋಶಕ್ಕ ಮಾತ್ರ 'ನೀ ಮಿದುಳಾಗು' ಅಂತ ಹೇಳೋರು ಯಾರ್ರಿ?"

ಶಿಷ್ಯೆಯ ಹೆಸರು ದಾಕ್ಷಾಯಿಣಿ. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಂಶೋಧನೆಗೆ ಸೇರಿ ಅವಳಿಗೆ ಒಂದು ವರ್ಷವಾಗಿತ್ತು. ವಿಭಾಗದ ಹಿಂದಿನ ಕೋಣೆ ಗುರುಗಳದು. ಅಲ್ಲಿ ಎರಡು ಸೂಕ್ಷ್ಮದರ್ಶಕ, ನೀರು ತುಂಬಿದ ಗಾಜಿನ ತಟ್ಟೆಗಳು, ಬಾಗಿಲ ಪಕ್ಕದಲ್ಲಿ ಚಹಾ ಕಾಸುವ ಒಂದು ಒಲೆ ಇದ್ದವು. ಹಿಂದಿನ ಸಂಜೆ ಕಪ್ಪೆಯೊಂದು ಇಟ್ಟ ಮೊಟ್ಟೆಗಳು ತಟ್ಟೆಯಲ್ಲಿದ್ದವು. ಸೇರಿದ ದಿನ ಗುರುಗಳು ಅವಳಿಗೆ ಸೂಕ್ಷ್ಮದರ್ಶಕ ತೋರಿಸಿ "ನೋಡು" ಎಂದಿದ್ದರು. ಅನಂತರ ಹೆಚ್ಚೇನೂ ಹೇಳಿರಲಿಲ್ಲ.

ಗುರುಗಳು ಪ್ರಶ್ನೆಯನ್ನು ಕೇಳಿಸಿಕೊಂಡರು. "ಇದು ಅರ್ಧ ಪ್ರಶ್ನೆ. ಉಳಿದದ್ದು ಕೇಳು," ಎಂದರು.

ದಾಕ್ಷಾಯಿಣಿ ತಲೆ ತಗ್ಗಿಸಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು.

"ನಾಳಿಂದ ಮುಂದಿನ ಕೋಣಿ ಮೇಡಂ ಕಡೆ ಹೋಗಬೇಕಂತ ಮಾಡೀನ್ರಿ. ಅಲ್ಲಿ ಎಲ್ಲಾರಿಗೂ ಕೆಲಸ ಹೇಳ್ತಾರ. ಪರೀಕ್ಷಾ ಹಾಲಿಗೆ ಕರೀತಾರ, ಸಮಾರಂಭಕ್ಕ ಕರೀತಾರ. ನನ್ನ ಯಾರೂ ಕರಿಯೂದಿಲ್ಲ. ನೀವೂ ಏನೂ ಹೇಳೂದಿಲ್ಲ. ಕಚೇರಿ ಫಕೀರಪ್ಪ ಬಂದ್ರ ಬಾಗಿಲದಾಗ ಕೂಡಿಸಿ, ಚಹಾ ಕೊಟ್ಟು, ತಾಸುಗಟ್ಲೆ ಮಾತಾಡ್ತೀರಿ. ನನಗ ಒಂದು ಮಾತಿಲ್ಲ. ಇಲ್ಲೇ ಕುಂತರ ನಾ ಏನೂ ಆಗೂದಿಲ್ಲ ಸರ್."

ಗುರುಗಳಿಗೆ ಸಿಟ್ಟು ಬರಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕುಂಬಾರರ ಕೇರಿ ಇತ್ತು. ಮನೆಗಳು ಒಂದು ಬಯಲಿನ ಸುತ್ತ ದುಂಡಗೆ ನಿಂತಿದ್ದವು. ಮಣ್ಣೆತ್ತಿನ ಅಮಾವಾಸ್ಯೆಗೆ ಎಲ್ಲ ಊರಲ್ಲೂ ಅಂಗೈಯಗಲದ ಎತ್ತು ಮಾಡುತ್ತಾರೆ. ಆ ಕೇರಿಯವರು ಎಲ್ಲರೂ ಸೇರಿ ಆಳೆತ್ತರದ ಒಂದು ಎತ್ತು ಮಾಡುತ್ತಿದ್ದರು. ಊರವರು ಅದಕ್ಕೆ ಪೂಜೆ ಮಾಡಿದ ಮೇಲೆಯೇ ಬಿತ್ತನೆ. ಎತ್ತು ನಿಲ್ಲದಿದ್ದರೆ ಯಾರೂ ಹೊಲಕ್ಕೆ ಕೂರಿಗೆ ಒಯ್ಯುತ್ತಿರಲಿಲ್ಲ.

ಎತ್ತನ್ನು ಒಬ್ಬರು ಮಾಡುತ್ತಿರಲಿಲ್ಲ. ಪ್ರತಿ ಮನೆಯವರೂ ತಮ್ಮ ಅಂಗಳದಲ್ಲಿ ಒಂದೊಂದು ಭಾಗ ಮಾಡುತ್ತಿದ್ದರು. ಮಣ್ಣು ಹಸಿ ಇರುವಾಗಲೇ ಭಾಗಗಳನ್ನು ಬಯಲಿಗೆ ತಂದು ಕೂಡಿಸುತ್ತಿದ್ದರು. ಯಾವ ಮನೆಗೆ ಯಾವ ಭಾಗ ಎಂದು ಮೊದಲೇ ಗೊತ್ತುಮಾಡಿರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಆ ಕೇರಿಯಲ್ಲಿ ಎಲ್ಲರೂ ಇಡೀ ಎತ್ತನ್ನು ಕಲಿತಿರುತ್ತಿದ್ದರು, ಗೊರಸಿನಿಂದ ಕೊಂಬಿನ ತನಕ.

ಮಣ್ಣಿನ ಬಂಡಿ ಬಂದ ದಿನ ಕೆಲಸ ಶುರುವಾಗುತ್ತಿತ್ತು. ಬಯಲಿಗೆ ಬರಲು ಮನೆಗಳ ನಡುವೆ ಹಲವು ಸಂದುಗಳಿದ್ದವು. ಬಂಡಿ ಇಂಥ ಸಂದಿನಿಂದಲೇ ಬರಬೇಕೆಂಬ ನಿಯಮವಿರಲಿಲ್ಲ. ಆ ವರ್ಷ ಯಾವ ಕಡೆ ಕೆಸರು ಕಡಿಮೆಯೋ ಆ ಕಡೆಯಿಂದ ಬರುತ್ತಿತ್ತು.

ಬಂಡಿ ಬಂದ ಮೇಲೆ ಒಬ್ಬ ಕೂಗುವವನು ಮನೆಮನೆ ಸುತ್ತುತ್ತಿದ್ದ. ಅವನ ಕೂಗು ಒಂದೇ: "ಹೊಟ್ಟಿ ಬಡೀರಿ! ಹೊಟ್ಟಿ!" ಎತ್ತಿನಲ್ಲಿ ಹೆಚ್ಚು ಮಣ್ಣು ಹಿಡಿಯುವುದು ಹೊಟ್ಟೆ. ಅದಕ್ಕೇ ಆ ಕೂಗು. ಕೂಗು ಬಾಗಿಲಿಗೆ ಬಂತೆಂದರೆ ಮನೆಯವರು ಕೈಯಲ್ಲಿದ್ದುದನ್ನು ಬಿಟ್ಟು ಹೊಟ್ಟೆಯ ಮಣ್ಣು ಬಡಿಯಬೇಕು. ಅದು ಕೇರಿಯ ಕಟ್ಟಳೆ.

ಅದೇ ಕೇರಿಯಲ್ಲಿ ಒಬ್ಬ ಅಜ್ಜಿ ಇದ್ದಳು. ಬಂಡಿಯ ಗದ್ದಲ ಅವಳಿಗೆ ಆಗುತ್ತಿರಲಿಲ್ಲ. ಬಂಡಿ ಯಾವ ಸಂದಿನಿಂದ ಬಂದರೆ ಅದಕ್ಕೆ ನೇರ ಎದುರಿನ ಕಟ್ಟೆಗೆ ಹೋಗಿ, ಮಜ್ಜಿಗೆಯ ಗಡಿಗೆ ಪಕ್ಕಕ್ಕಿಟ್ಟುಕೊಂಡು ಕೂರುತ್ತಿದ್ದಳು. ಕೂಗುವವನು ಸುತ್ತುತ್ತ ಅಲ್ಲಿಗೆ ಬಂದಾಗ ಅವನನ್ನು ಕರೆಯುತ್ತಿದ್ದಳು.

"ಬಾರೋ ತಮ್ಮಾ. ಗಂಟಲಾ ಹರಕೋಬ್ಯಾಡ. ಕುಂದರು, ಮಜ್ಜಿಗಿ ಕುಡಿ."

"ಇನ್ನಾ ಇಷ್ಟು ಮನಿ ಉಳದಾವ ಬೇ."

"ಮನಿ ಏನು ಓಡಿ ಹೋಗ್ತಾವೇನು? ಮಗಳ ಬಾಣಂತನ ಹೆಂಗಾತು, ಅದನ್ನ ಹೇಳು ಮದಲ."

ಅವನು ಕೂರುತ್ತಿದ್ದ. ಬಟ್ಟಲು ಬರಿದಾದರೆ ಅಜ್ಜಿ ಮತ್ತೆ ತುಂಬುತ್ತಿದ್ದಳು. ಆ ಕಟ್ಟೆಯ ಸುತ್ತಲಿನ ಮನೆಗಳಿಗೆ ಕೂಗು ಮುಟ್ಟುತ್ತಲೇ ಇರಲಿಲ್ಲ. ಅವುಗಳ ಆಚೆಯ ಮನೆಗಳಿಗೆ ಮುಟ್ಟಿದರೂ ಅರ್ಧಂಬರ್ಧ. ಹಾಗೆ ಕ್ಷೀಣವಾಗಿ ಕೂಗು ಕೇಳಿದ ಮನೆಗಳವರು ಬೆನ್ನು, ಭುಜ, ಕಾಲು ಮಾಡುತ್ತಿದ್ದರು.

ಕೂಗೇ ಕೇಳದ ಮನೆಗಳವರು ಸ್ವಲ್ಪ ಹೊತ್ತು ಮಣ್ಣು ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಯಾರೋ ಒಂದು ಕೊಂಬು ಹೊಸೆಯುತ್ತಿದ್ದರು. ಪಕ್ಕದ ಮನೆಯವರು ಅದನ್ನು ನೋಡಿ ಕಿವಿ ಮಾಡುತ್ತಿದ್ದರು. ಅದರ ಪಕ್ಕದವರು ಕಣ್ಣು ಕೊರೆಯುತ್ತಿದ್ದರು. ಸಂಜೆಯ ಹೊತ್ತಿಗೆ ತಲೆ ಸಿದ್ಧವಾಗಿರುತ್ತಿತ್ತು. ತಲೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಡೀ ಎತ್ತು ಅವರ ಕೈಯಲ್ಲಿತ್ತು. ಹೊಟ್ಟೆ ಎಂದು ಯಾರೂ ಕೂಗದಿದ್ದಾಗ ಕೈ ತಾನಾಗಿಯೇ ತಲೆಯ ಕಡೆ ಹೋಗುತ್ತಿತ್ತು.

ಎಷ್ಟೋ ವರ್ಷ ಎತ್ತು ಸರಿಯಾಗಿ ನಿಂತಿತು. ಅದು ಸರಿಯಾಗಿ ನಿಲ್ಲುವುದು ಏಕೆಂದು ಯಾರೂ ಕೇಳಲಿಲ್ಲ.

ಆಮೇಲೆ ಕೆಲವು ವರ್ಷ ಬಂಡಿ ಒಂದೇ ಸಂದಿನಿಂದ ಬಂತು. ಆಗ ಅಜ್ಜಿ ಕೂರುತ್ತಿದ್ದ ಕಟ್ಟೆಯ ಪಕ್ಕದ ಮನೆಯ ಸೊಸೆ ಕೇರಿಯ ಯಜಮಾನನ ಬಳಿಗೆ ದೂರು ಒಯ್ದಳು.

"ಎಲ್ಲಾರ ಬಾಗಿಲಕ್ಕೂ ಬಂದು ಕೂಗ್ತಾರ. ನಮ್ಮ ಬಾಗಿಲಕ್ಕ ಬರಂಗಿಲ್ಲ. ನಾವೇನು ಈ ಕೇರಿಯವ್ರಲ್ಲೇನ್ರಿ ಮಾಮಾ? ಆ ಮುದುಕಿ ಅವನ್ನ ಕೂಡಿಸ್ಕೊಂಡು ಹರಟಿ ಹೊಡೀತಾಳ. ನಾವು ಮಣ್ಣು ಹಿಡಕೊಂಡು ಗೊಂಬಿ ನಿಂತಂಗ ನಿಂತಿರ್ತೀವಿ."

ಯಜಮಾನನಿಗೆ ದೂರು ನ್ಯಾಯವಾಗಿ ಕಂಡಿತು. ಮರುವರ್ಷ ಬಂಡಿ ಬಂದ ದಿನ ಅವನೇ ಅಜ್ಜಿಯ ಬಳಿಗೆ ಹೋದ. "ಬೇ, ನಿನಗ ವಯಸ್ಸಾತು. ಒಳಗ ಹೋಗಿ ಮಲಕ್ಕೋ," ಎಂದ. ಗಡಿಗೆಯನ್ನು ತಾನೇ ಎತ್ತಿ ಒಳಗಿಟ್ಟ.

ಆ ವರ್ಷ ಕೂಗುವವನು ಎಲ್ಲೂ ಕೂರದೆ ಪೂರ್ತಿ ಸುತ್ತು ಬಂದ. ಪ್ರತಿ ಬಾಗಿಲಿಗೂ ಕೂಗು ಮುಟ್ಟಿತು. ಸೊಸೆಗೆ ಸಂತೋಷವಾಯಿತು. ಎಲ್ಲರಿಗಿಂತ ಮೊದಲು ಕಚ್ಚೆ ಕಟ್ಟಿ ಮಣ್ಣು ಬಡಿಯಲು ಕೂತಳು.

ಭಾಗಗಳನ್ನು ಬಯಲಿಗೆ ತಂದರು. ಮೊದಲ ಮನೆಯದು ಹೊಟ್ಟೆ. ಎರಡನೆಯದೂ ಹೊಟ್ಟೆ. ಕಡೆಯ ಮನೆಯದೂ ಹೊಟ್ಟೆಯೇ. ಕೂಡಿಸಿದಾಗ ಒಂದು ಭಾರಿ ವಾಡೆ ಆಯಿತು, ಕಾಳು ತುಂಬಿಡುವ ವಾಡೆಯ ಹಾಗೆ. ಕಾಲಿಲ್ಲ, ಬೆನ್ನಿಲ್ಲ, ತಲೆಯಿಲ್ಲ.

ಯಜಮಾನ ಓಡಿಹೋಗಿ ಅಜ್ಜಿಯನ್ನು ಎಬ್ಬಿಸಿದ. ಅಜ್ಜಿ ಬಂದು ಕಟ್ಟೆಯ ಮೇಲೆ ಕೂತಳು. ಕೂಗುವವನಿಗೆ ಮಜ್ಜಿಗೆ ಕೊಟ್ಟಳು. ಅವನು ಸುಮ್ಮನಾದ. ಸುತ್ತಲಿನವರು ತಲೆ ಮಾಡಲು ಕೈ ಹಾಕಿದರು. ಮಣ್ಣು ಆಗಲೇ ಬಿಗಿದಿತ್ತು. ಬೆರಳು ಒತ್ತಿದರೆ ಗುರುತೂ ಮೂಡಲಿಲ್ಲ.

"ಹಸಿ ಇದ್ದಾಗ ಎಬ್ಬಸಬೇಕಿತ್ತಪಾ," ಎಂದಳು ಅಜ್ಜಿ.

ಆ ವರ್ಷ ಬಿತ್ತನೆಯ ಹದ ತಪ್ಪಿಹೋಯಿತು.

ಮರುವರ್ಷ ಯಜಮಾನ ಎಚ್ಚರವಾಗಿದ್ದ. ಒಬ್ಬ ಅಜ್ಜಿ ಕೂತರೆ ತಲೆ ಬರುತ್ತದೆ. ಅವಳಿಗೆ ಜ್ವರಗಿರ ಬಂದರೆ ಏನು ಗತಿ? ಅಜ್ಜಿಯ ತಂಗಿ ಪಕ್ಕದ ಊರಿನಲ್ಲಿದ್ದಳು. ಅವಳಿಗೂ ದಾರಿಯಲ್ಲಿ ಹೋಗುವವರನ್ನು ಕರೆದು ಮಜ್ಜಿಗೆ ಕೊಡುವ ಚಟ. ಯಜಮಾನ ಅವಳನ್ನೂ ಕರೆಸಿದ. ಅಕ್ಕ ಒಂದು ಬದಿಗೆ ಕೂತಳು. ತಂಗಿಯನ್ನು ಎದುರು ಬದಿಗೆ, ಬಂಡಿ ಬಂದ ಸಂದಿನ ಪಕ್ಕಕ್ಕೆ ಕೂರಿಸಿದರು. ಬಂಡಿ ಬಂದ ಬದಿಯ ಮನೆಗಳವರು ಯಾವ ವರ್ಷವೂ ಹೊಟ್ಟೆ ಬಿಟ್ಟು ಬೇರೆ ಮಾಡುತ್ತಿರಲಿಲ್ಲ.

ಕೂಗುವವನು ಎರಡೂ ಕಡೆ ಕೂತು ಎರಡೂ ಕಡೆ ಕುಡಿದ.

ಆ ವರ್ಷದ ಎತ್ತಿಗೆ ಎರಡು ತಲೆ. ಒಂದು ಮೂಡಣಕ್ಕೆ, ಒಂದು ಪಡುವಣಕ್ಕೆ. ನಡುವೆ ಒಂದೇ ಹೊಟ್ಟೆ. ಎರಡನೆಯ ತಲೆಯಲ್ಲಿ ಒಂದು ಕೊರತೆಯೂ ಇರಲಿಲ್ಲ. ಕೊಂಬು ಇತ್ತು, ಕಿವಿ ಇತ್ತು, ಕಣ್ಣು ಇತ್ತು. ಅದನ್ನು ಮಾಡಿದ್ದು ಆ ಹೊಟ್ಟೆಯ ಮನೆಗಳವರೇ. ತಂಗಿ ಮಣ್ಣನ್ನು ಮುಟ್ಟಿಯೂ ಇರಲಿಲ್ಲ.

ಪೂಜೆಗೆ ಬಂದ ರೈತ ಆರತಿ ತಟ್ಟೆ ಹಿಡಿದು ಸುತ್ತಲೂ ಒಮ್ಮೆ ನಡೆದ. "ಯಾವ ಕಡೆ ನಿಂತು ಕೈ ಮುಗೀಲಿ? ಇದು ಹೊಲಕ್ಕ ಹೊಂಟದೋ, ಮನಿಗೆ ಹೊಂಟದೋ?" ಎಂದು ಕೇಳಿದ.

ಯಜಮಾನ ಅಜ್ಜಿಯ ಮುಂದೆ ಬಂದು ಕೂತ.

"ಖರೇ ಹೇಳು ಬೇ. ತಲಿ ಮಾಡೂದನ್ನ ಇವರಿಗೆ ನೀ ಹೆಂಗ ಹೇಳಿಕೊಡ್ತಿ?"

"ನಾ ಯಾರಿಗೂ ಏನೂ ಹೇಳಿಕೊಟ್ಟಿಲ್ಲೋ ಯಪ್ಪಾ," ಎಂದಳು ಅಜ್ಜಿ. "ಕೂಗಾಂವಗ ಮಜ್ಜಿಗಿ ಕೊಟ್ಟೀನಿ."

ಗುರುಗಳು ಕತೆ ನಿಲ್ಲಿಸಿದರು. ತಟ್ಟೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗೆ ಸರಿಸಿ, ದಾಕ್ಷಾಯಿಣಿಗೆ ನೋಡಲು ಹೇಳಿದರು.

ಭ್ರೂಣ ಒಂದು ಸಣ್ಣ ಚೆಂಡಿನಂತೆ ಕಂಡಿತು. ವೀರ್ಯಾಣು ಒಳಗೆ ಹೊಕ್ಕ ಬದಿಯನ್ನು ಅವಳು ಹಿಂದಿನ ಸಂಜೆಯೇ ಗುರುತು ಮಾಡಿಕೊಂಡಿದ್ದಳು. ಅದರ ಎದುರು ಬದಿಯಲ್ಲಿ ಎಳೆ ಚಂದ್ರನಂಥ ಮಡಿಕೆಯೊಂದು ಆಗತಾನೆ ಮೂಡಿತ್ತು.

"ಆ ಮಡಿಕೆಯ ತುಟಿಯಲ್ಲಿ ಇರೋ ಕೋಶಗಳಲ್ಲಿ ಕೆಲವು ವಂಶವಾಹಿ ಎಚ್ಚರಾಗ್ತಾವ," ಎಂದರು ಗುರುಗಳು. "ಅದೇ ವಂಶವಾಹಿ ಉಳಿದ ಕೋಶಗಳಲ್ಲೂ ಅದಾವ, ಅಲ್ಲಿ ಮಲಗ್ಯಾವ. ಎಚ್ಚರಾದವು ಒಂದಿಷ್ಟು ಪ್ರೋಟೀನ್ ಮಾಡಿಸಿ ಹೊರಗ ಕಳಿಸ್ತಾವ. ಆ ಪ್ರೋಟೀನ್ ನೆರೆಯವರಿಗೆ 'ಮಿದುಳಾಗು' ಅನ್ನೋದಿಲ್ಲ. ಭ್ರೂಣದ ತುಂಬ ಇನ್ನೊಂದು ಸಂಕೇತ ಓಡಾಡತಿರತದ, 'ಚರ್ಮ ಆಗು, ಹೊಟ್ಟಿ ಆಗು' ಅನ್ನೋದು. ಈ ಪ್ರೋಟೀನ್ ಅದನ್ನ ಹಿಡಿದು ಕೂಡಿಸಿಕೊಳ್ತದ. ಅಷ್ಟ."

"ಹಂಗಾದ್ರ ಕೂಗುವವನು ಕೆಟ್ಟವನೇನ್ರಿ ಸರ್?"

"ಅವ ಇಲ್ಲಂದ್ರ ಎತ್ತಿಗೆ ಬರೀ ತಲೀನ ಇರತಿತ್ತು. ಹೊಟ್ಟಿ ಇಲ್ಲದ ಎತ್ತು ಬದುಕತದೇನು?"

ದಾಕ್ಷಾಯಿಣಿ ಕಣ್ಣು ತೆಗೆಯದೆ ನೋಡುತ್ತಿದ್ದಳು. ನೋಡುತ್ತಲೇ ಕೇಳಿದಳು:

"ಆ ಸೊಸಿಗೆ ಆಮ್ಯಾಲರ ತಿಳೀತೇನ್ರಿ?"

ಗುರುಗಳು ಉತ್ತರಿಸುವ ಮೊದಲು ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಕಚೇರಿಯ ಫಕೀರಪ್ಪ ಬಂದಿದ್ದ.

"ಸರ್ರ, ಪರೀಕ್ಷಾ ಹಾಲಿಗೆ ಒಬ್ಬರು ಕಡಿಮಿ ಬಿದ್ದಾರ. ನಿಮ್ಮ ದಾಕ್ಷಾಯಿಣಿ ಅಕ್ಕೋರನ್ನ ಕರಕೊಂಡು ಬಾ ಅಂತ ಕಳಿಸ್ಯಾರ."

"ಬಾ ಫಕೀರಪ್ಪ, ಕೂಡು," ಎಂದರು ಗುರುಗಳು. ಒಲೆ ಹೊತ್ತಿಸಿದರು. "ಮೊಮ್ಮಗಳಿಗೆ ಹಲ್ಲು ಬಂದ್ವೇನು?"

"ಅವಸರ ಐತ್ರಿ ಸರ್ರ."

"ಒಂದು ಕಪ್ ಚಹಾಕ್ಕ ಎಷ್ಟು ಹೊತ್ತು ಬೇಕು?"

ಫಕೀರಪ್ಪ ಹೊಸ್ತಿಲಿನ ಪಕ್ಕದ ಸ್ಟೂಲಿನ ಮೇಲೆ ಕೂತ. ಮೊಮ್ಮಗಳಿಗೆ ಕೆಳಗೆ ಎರಡು ಹಲ್ಲು ಬಂದಿದ್ದವು. ಅವಳು ಅಜ್ಜನ ಮೂಗು ಕಚ್ಚಿದ್ದಳು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಚಹಾ ಕಾಯಿತು. ಅವನು ಬಸಿಗೆ ಹಾಕಿಕೊಂಡು, ಆರಿಸಿ ಆರಿಸಿ ಕುಡಿದ. ಅಷ್ಟರಲ್ಲಿ ಪರೀಕ್ಷೆಯ ಗಂಟೆ ಹೊಡೆಯಿತು.

"ಇಷ್ಟೊತ್ತಿಗೆ ಮುಂದಿನ ಕೋಣ್ಯಾಗಿನವರನ್ನ ಯಾರನ್ನಾರ ಹಿಡಕೊಂಡಿರ್ತಾರ ಬಿಡ್ರಿ," ಎಂದು ಎದ್ದು ಹೋದ.

ದಾಕ್ಷಾಯಿಣಿ ಸೂಕ್ಷ್ಮದರ್ಶಕದ ಮುಂದೆಯೇ ಇದ್ದಳು. ಮಡಿಕೆ ಮೊದಲಿಗಿಂತ ಆಳವಾಗಿತ್ತು, ಅದರ ಎರಡೂ ತುದಿಗಳು ಬಾಗತೊಡಗಿದ್ದವು. ಅವಳು ತಲೆ ಎತ್ತಿ ಗುರುಗಳನ್ನು ನೋಡಿದಳು.

ಗುರುಗಳು ಫಕೀರಪ್ಪ ಕುಡಿದ ಕಪ್ಪನ್ನು ತೊಳೆದು ಬೋರಲು ಹಾಕುತ್ತಿದ್ದರು.

"ನೀ ಬಂದಮ್ಯಾಲೆ ಇದು ಹದಿನೇಳನೇ ಕಪ್," ಎಂದರು.