ಚಂದ್ರನದೊಡ್ಡಿಗೆ ಆ ಹೆಸರು ಬಂದದ್ದು

ತೊಗರಿಬಾರೆಯಿಂದ ಮೂಡಲಿಗೆ ಅರ್ಧ ಮೈಲಿ ನಡೆದರೆ ಒಂದು ಕಲ್ಲುದಿಬ್ಬ ಸಿಗುತ್ತದೆ. ದಿಬ್ಬದ ನೆತ್ತಿಯಲ್ಲಿ ಎದೆಮಟ್ಟದ ಕಲ್ಲುಗೋಡೆಯ ಒಂದು ಚೌಕ. ಒಳಗೆ ಲಂಟಾನ ಪೊದೆ, ಎರಡು ಹೊಂಗೆ ಮರ, ಮೂಲೆಯಲ್ಲಿ ದನಗಳಿಗೆ ನೀರಿಡುತ್ತಿದ್ದ ಒಡಕು ಕಲ್ಲುಬಾನಿ. ರಸ್ತೆಬದಿಯ ಹಸಿರು ಫಲಕ ಈ ಜಾಗವನ್ನು ಚಂದ್ರನದೊಡ್ಡಿ ಎನ್ನುತ್ತದೆ. ನೋಡುವುದಕ್ಕೆ ಇರುವುದು ಇಷ್ಟೇ. ಆದರೂ ಭಾನುವಾರಗಳಲ್ಲಿ ಪೇಟೆಯಿಂದ ಕಾರುಗಳು ಬರುತ್ತವೆ. ಬಂದವರು ಕ್ಯಾಮೆರಾ ಹಿಡಿದು ಗೋಡೆ ಸುತ್ತುತ್ತಾರೆ, ದಿಕ್ಸೂಚಿ ನೆಲಕ್ಕಿಟ್ಟು ಮುಳ್ಳು ನಡುಗೀತೇ ಎಂದು ಕಾಯುತ್ತಾರೆ. ಎರಡು ವರ್ಷದ ಹಿಂದೆ ಬಂದ ತಂಡವೊಂದು ವಿಕಿರಣ ಅಳೆಯುವ ಯಂತ್ರವನ್ನೇ ತಂದಿತ್ತು. ಅವರವರ ಮನೆಯ ಗ್ರಾನೈಟ್ ನೆಲಕ್ಕೆ ಅದು ಎಷ್ಟು ತೋರಿಸುತ್ತದೋ ದಿಬ್ಬಕ್ಕೂ ಅಷ್ಟೇ ತೋರಿಸಿತು. ಕೇಳಿದರೆ, ಇದು ಹಾರುವ ತಟ್ಟೆ ಇಳಿದ ಜಾಗ, ಸರ್ಕಾರ ವಿಷಯವನ್ನು ಮುಚ್ಚಿಟ್ಟಿದೆ ಎನ್ನುತ್ತಾರೆ. ಏನೋ ಇಳಿದದ್ದು ನಿಜ. ಮುಚ್ಚಿಡಲು ನೋಡಿದ್ದೂ ನಿಜ. ಉಳಿದದ್ದು ಬಂದವರ ಸೇರ್ಪಡೆ.

ಹಿಂದೆ ಒಮ್ಮೆ, ಮಹಾರಾಜರ ಆಳ್ವಿಕೆ ಇನ್ನೂ ನಡೆಯುತ್ತಿದ್ದಾಗ, ಈ ಚೌಕ ಸರ್ಕಾರದ ದೊಡ್ಡಿಯಾಗಿತ್ತು. ಸಾಕಿದವರ ಕಣ್ಣು ತಪ್ಪಿಸಿ ಪರರ ಪೈರು ಮೇದ ದನಗಳನ್ನು ಹಿಡಿದು ಇಲ್ಲಿ ಕೂಡುತ್ತಿದ್ದರು. ಒಡೆಯ ಬಂದು ಗುರುತು ಹೇಳಿ, ಪುಸ್ತಕದಲ್ಲಿ ರುಜು ಹಾಕಿ ಬಿಡಿಸಿಕೊಳ್ಳಬೇಕು. ದೊಡ್ಡಿಯನ್ನು ಕಾಯುತ್ತಿದ್ದವನು ಹೊಂಬಾಳಯ್ಯ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ, ಕೆಲಸದಲ್ಲಿ ಮೊಂಡನೆನ್ನಿಸುವಷ್ಟು ಚೊಕ್ಕಟವಾದ ಮನುಷ್ಯ. ಅದಕ್ಕೊಂದು ಕಾರಣವಿತ್ತು. ಅವನಿಗಿಂತ ಮೊದಲು ಅವನ ಅಪ್ಪ ಇದೇ ದೊಡ್ಡಿ ಕಾಯುತ್ತಿದ್ದ. ಯಾರೋ ದೊಡ್ಡವರು ರುಜು ಹಾಕದೆ ಒಂದು ಕರುವನ್ನು ಬಿಡಿಸಿಕೊಂಡು ಹೋದರು. ತಪಾಸಣೆಯಲ್ಲಿ ಲೆಕ್ಕಕ್ಕೆ ಸಿಕ್ಕದ ಕರು ಅಪ್ಪನ ತಲೆಗೆ ಬಂತು, ಕೆಲಸ ಹೋಯಿತು. ‘ಕರುಗಳ್ಳ’ ಎಂಬ ಹೆಸರು ಮಾತ್ರ ಸಾಯುವ ತನಕ ಹೋಗಲಿಲ್ಲ. ಎಂಟು ವರ್ಷದ ಮೇಲೆ ಮಗನಿಗೆ ಅದೇ ಕೆಲಸ ಮರಳಿ ಸಿಕ್ಕಿದಾಗ, ರುಜು ಇಲ್ಲದೆ ಒಂದು ಕೋಳಿಯನ್ನೂ ಹೊರಗೆ ಬಿಡುವುದಿಲ್ಲವೆಂದು ಅವನು ದೊಡ್ಡಿ ಬಾಗಿಲಿನ ಅಗುಳಿ ಮುಟ್ಟಿ ಹೇಳಿದನಂತೆ. ದೊಡ್ಡಿಗೆ ಕೋಳಿ ಕೂಡುವ ಪದ್ಧತಿ ಇರಲಿಲ್ಲ. ಆದರೂ ಹೇಳಿದ.

ಒಂದು ಮಾಗಿಯ ಅಮಾವಾಸ್ಯೆ, ಹೊತ್ತು ಮುಳುಗಿ ದನಗಳು ಊರಿಗೆ ಮರಳುವ ವೇಳೆ. ಕೆಂಪಮ್ಮ ಎಂಬ ವಿಧವೆ ತನ್ನ ಎಮ್ಮೆಗಳನ್ನು ಹೊಡೆದುಕೊಂಡು ದಿಬ್ಬದ ಕೆಳಗೆ ಬರುತ್ತಿದ್ದಾಗ ಎಮ್ಮೆಗಳು ನಿಂತುಬಿಟ್ಟವು. ತಲೆಯೆತ್ತಿದರೆ ಪಡುವಲ ಬಾನಿನಲ್ಲಿ ಚಂದ್ರ. ಅಮಾವಾಸ್ಯೆಯ ದಿನ, ತುಂಬಿದ ಚಂದ್ರ. ನೆಲದಲ್ಲಿ ಕತ್ತಲು ಕವಿಯುತ್ತಿದ್ದರೂ ಅದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಮೂಡಗಾಳಿ ಬೀಸುತ್ತಿತ್ತು, ಅದು ಗಾಳಿಗೆ ಎದುರಾಗಿ ಬರುತ್ತಿತ್ತು. ಬರುತ್ತಾ ಹೊಳಪು ಕಳೆದುಕೊಂಡು, ಸಣ್ಣಗಾಗಿ, ಓಲಾಡುತ್ತಾ ಇಳಿದು ದೊಡ್ಡಿಯ ಗೋಡೆಗೆ ತಾಗಿ ಒಳಗೆ ಬಿತ್ತು. ಕೆಂಪಮ್ಮ ಓಡಲಿಲ್ಲ. ಓಡಿದರೆ ಎಮ್ಮೆಗಳು ಚದುರುತ್ತವೆ. ಅಲ್ಲಿಂದಲೇ ಕೂಗಿದಳು: “ಹೊಂಬಾಳಣ್ಣ, ನಿನ್ನ ದೊಡ್ಡಿಗೆ ಏನೋ ತಾನಾಗೇ ಬಂದು ಬಿದ್ದೈತೆ ನೋಡು.”

ಬಿದ್ದದ್ದು ಒಂದು ಬಿಳಿಯ ತೊಗಲು. ಹರಡಿದರೆ ಒಂದು ಕಣ ಮುಚ್ಚುವಷ್ಟು ಅಗಲ, ಮುಟ್ಟಿದರೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಅದಕ್ಕೆ ನೂಲಿನ ಬಲೆ, ಬಲೆಗೆ ನೇತುಬಿದ್ದ ಬಿದಿರಿನ ಗೂಡು, ಗೂಡಿನೊಳಗೆ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆ ಒಳಗೊಳಗೇ ಟಿಕ್ ಟಿಕ್ ಎನ್ನುತ್ತಿತ್ತು. ಊರು ಕೂಡಿತು. ಪೂಜಾರಿ ಇದು ರಾಹು ಕಚ್ಚಿ ಉಗುಳಿದ್ದು ಎಂದ. ಇನ್ನೊಬ್ಬ ಯುದ್ಧ ಬರುತ್ತದೆ ಎಂದ. ಸುಡಬೇಕು ಎಂದವರೂ ಇದ್ದರು. ಹೊಂಬಾಳಯ್ಯನ ಯೋಚನೆಯೇ ಬೇರೆ. ಒಡೆಯನಿಲ್ಲದೆ ಬಂದದ್ದು, ದೊಡ್ಡಿಯ ಗೋಡೆಯೊಳಗೆ ಬಿದ್ದದ್ದು. ಹಾಗಾದರೆ ಇದು ದೊಡ್ಡಿಯ ಮಾಲು, ಪುಸ್ತಕಕ್ಕೆ ಹತ್ತಬೇಕು. ಈ ಊರಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆಯೂ ನಡೆದಿಲ್ಲ, ಇದಕ್ಕಿಂತ ಸರಿಯಾದ ತೀರ್ಮಾನವೂ ಆಗಿಲ್ಲ.

ಮರುದಿನ ಬೆಳಿಗ್ಗೆ ಶಾನುಭೋಗ ತಿರುಮಲಯ್ಯ ಪುಸ್ತಕ ಬಿಚ್ಚಿ ಹನ್ನೊಂದನೆಯ ಪುಟದಲ್ಲಿ ಲೇಖನಿ ಇಟ್ಟುಕೊಂಡು ಕೂತರು.

“ಪ್ರಾಣಿ ಯಾವುದು ಅಂತ ಬರೀಲಯ್ಯ?”

“ಊರೆಲ್ಲ ಚಂದ್ರ ಅಂತೈತೆ. ಹಂಗೇ ಬರ್ಕೊಳಿ ಸ್ವಾಮಿ.”

“ಬಣ್ಣ ಬಿಳಿ. ಕೊಂಬು?”

“ಇಲ್ಲ.”

“ಹಾಯುತ್ತದೋ, ಒದೆಯುತ್ತದೋ?”

“ಇನ್ನೂ ತಿಳೀದು.”

ಮುದ್ರೆಯ ಕಲಮಿನಲ್ಲಿ ಹೊಂಬಾಳಯ್ಯ ತಡೆದ. ಆ ಸೀಮೆಯಲ್ಲಿ ಪ್ರತಿ ಮನೆಯವರೂ ತಮ್ಮ ದನದ ತೊಡೆಗೆ ತಮ್ಮದೇ ಬರೆ ಹಾಕುತ್ತಿದ್ದರು: ಒಬ್ಬರದು ಸುತ್ತು, ಒಬ್ಬರದು ತ್ರಿಶೂಲ, ಇನ್ನೊಬ್ಬರದು ಮೂರು ಗೆರೆ. ಓದು ಬಾರದವರಿಗೆ ಅದೇ ಹೆಸರು, ಅದೇ ರುಜು. ಪೆಟ್ಟಿಗೆಯ ಮೇಲೆಯೂ ಏನೋ ಅಕ್ಷರಗಳಿದ್ದವು, ಆದರೆ ಅವನ್ನು ಯಾರೋ ಕೆರೆದುಹಾಕಿದ್ದರು. ಮುದ್ರೆ ಕೆಡಿಸಿದ ದನ ಕಳ್ಳದನ ಎಂಬುದು ದೊಡ್ಡಿ ಕಾಯುವವನಿಗೆ ಹಾಲುಹಲ್ಲು ಬೀಳುವ ಮೊದಲೇ ಗೊತ್ತಿರುತ್ತದೆ. “ಮುದ್ರೆ ಇತ್ತು, ಅಳಿಸೈತೆ ಅಂತ ಬರೀರಿ” ಎಂದ. ಗೋಡೆಗೆ ಉಜ್ಜಿ ಅಕ್ಷರ ಹೋಗಿರಬಹುದು ಎಂಬ ಸಾದಾ ಸಾಧ್ಯತೆಯನ್ನು ಅಂದು ಯಾರೂ ಎತ್ತಲಿಲ್ಲ. ಈಗಲೂ ಎತ್ತುವವರು ಕಡಿಮೆ.

ದೊಡ್ಡಿಯ ನಿಯಮ ನಿಯಮವೇ. ಕೂಡಿದ ಜೀವಕ್ಕೆ ದಿನವೂ ಹುಲ್ಲು ನೀರು ಇಡಬೇಕು, ಇಟ್ಟ. ಅವನ ಹೆಂಡತಿ ಸಣ್ಣಮ್ಮ ಸಂಜೆ ಬಂದು ನೋಡಿ, “ಹುಲ್ಲು ಮುಟ್ಟಿಲ್ಲ, ಸಗಣಿ ಹಾಕಿಲ್ಲ. ಇಂಥ ಸಾಧು ಜೀವ ನಮ್ಮ ದೊಡ್ಡಿಗೆ ಬಂದೇ ಇರ್ಲಿಲ್ಲ. ನಿಮಗಿಂತ ವಾಸಿ” ಎಂದಳು. ಮೂರನೆಯ ದಿನ ಟಿಕ್ ಟಿಕ್ ನಿಂತಿತು. ಹೊಂಬಾಳಯ್ಯ ಗಾಬರಿಯಾಗಿ ನೀರು ಬದಲಾಯಿಸಿದನಂತೆ.

ಒಡೆಯನನ್ನು ಹುಡುಕುವುದೂ ಅವನದೇ ಕೆಲಸ. ಸುತ್ತಲ ಏಳು ಹಳ್ಳಿಗಳಲ್ಲಿ ಡಂಗೂರ ಸಾರಿಸಿದ: ಬಿಳಿ ಚಂದ್ರ ಒಂದು ತೊಗರಿಬಾರೆ ದೊಡ್ಡಿಯಲ್ಲಿದೆ, ಕಳೆದುಕೊಂಡವರು ಗುರುತು ಹೇಳಿ ಬಿಡಿಸಿಕೊಳ್ಳಬೇಕು. ತಾನೇ ಮನೆಮನೆಗೆ ಹೋಗಿ, ಯಾರು ಎಲ್ಲಿ ನಿಂತು ಕಂಡರು, ಯಾವ ಕಡೆಯಿಂದ ಬಂತು, ಆಗ ಗಾಳಿ ಹೇಗಿತ್ತು ಎಂದು ಕೇಳಿದ. ದನ ಯಾವ ದಿಕ್ಕಿನಿಂದ ಬಂತೋ ಒಡೆಯ ಆ ದಿಕ್ಕಿನಲ್ಲಿರುತ್ತಾನೆ. ಇದು ಅವನ ಶಾಸ್ತ್ರ. ಕಣ್ಣಾರೆ ಕಂಡವರು ಕೆಂಪಮ್ಮನೂ ಸೇರಿ ಏಳು ಜನ ಸಿಕ್ಕಿದರು. ಕುಂಬಾರನೊಬ್ಬ ತಾನು ಮಡಕೆ ಸುಡುವ ಆವಿಗೆಯ ನೆತ್ತಿಯಲ್ಲೇ ಅದು ಗಳಿಗೆ ಹೊತ್ತು ನಿಂತಿತ್ತೆಂದ. ಪಕ್ಕದ ಊರಿನ ಜವರಪ್ಪ ಎಂಬಾತ ಅದು ತನ್ನದೇ ಎಂದು ಹಗ್ಗ ಸಮೇತ ಬಂದ. “ಕೊಂಬು ಹೆಂಗವೆ?” ಎಂದು ಹೊಂಬಾಳಯ್ಯ ಕೇಳಿದ. “ಒಂದು ಮುರ್ದೈತೆ” ಎಂದ ಜವರಪ್ಪ. ಹಗ್ಗದೊಂದಿಗೆ ಹಿಂದಿರುಗಿದ.

ಏಳು ಜನರೂ ಒಂದು ಮಾತನ್ನು ಮಾತ್ರ ಒಂದೇ ಸಮ ಹೇಳಿದರು: ಪಡುವಲಿಂದ, ಗಾಳಿಗೆ ಎದುರಾಗಿ. ಇದು ಹೊಂಬಾಳಯ್ಯನನ್ನು ಕಾಡಿತು. ಗಾಳಿಗೆ ಎದುರು ಬರುವುದಕ್ಕೆ ಕಾಲಿರಬೇಕು, ಇಲ್ಲವೇ ರೆಕ್ಕೆ. ಎರಡೂ ಇಲ್ಲ. ಸಂಜೆಗಳಲ್ಲಿ ದಿಬ್ಬದ ಮೇಲೆ ಕೂತು ತರಗೆಲೆ ತೂರಿ ತೂರಿ ನೋಡಿದ. ಎಲ್ಲವೂ ಪಡುವಲಿಗೇ ಹೋದವು. ನೆಲದ ಗಾಳಿ ಒಂದು ಕಡೆ ಬೀಸುವಾಗ ಮೇಲಿನ ಗಾಳಿ ಇನ್ನೊಂದು ಕಡೆ ಬೀಸಬಹುದು, ಹೊತ್ತು ಮುಳುಗಿದ ಮೇಲೂ ಎತ್ತರದಲ್ಲಿರುವುದಕ್ಕೆ ಬಿಸಿಲು ತಾಗುತ್ತದೆ. ಇದನ್ನೆಲ್ಲ ಇಂದು ಹೈಸ್ಕೂಲಿನಲ್ಲಿ ಹೇಳಿಕೊಡುತ್ತಾರೆ. ಹವೆ ಪರೀಕ್ಷಿಸಲು ಯಾರೋ ಹಾರಿಬಿಟ್ಟ ಬಲೂನು ಎಂದರೆ ಮುಗಿಯಿತು. ಆದರೆ ಪುಸ್ತಕದ ನೆರವಿಲ್ಲದೆ ಎಲೆ ತೂರಿ ನೋಡಿದ ಒಬ್ಬನೇ ಒಬ್ಬ ಅವನು. ದಿಕ್ಸೂಚಿಯವರು ಇದುವರೆಗೆ ಅಷ್ಟನ್ನೂ ಮಾಡಿಲ್ಲ.

ಹನ್ನೆರಡನೆಯ ದಿನ ನಡುಮಧ್ಯಾಹ್ನ ಊರಿಗೆ ಮೋಟಾರು ಬಂತು. ಇಳಿದವರು ತಾಲ್ಲೂಕಿನ ಅಮಲ್ದಾರರು ಮತ್ತು ಟೋಪಿ ಹಾಕಿದ ಇಬ್ಬರು. ಟೋಪಿಯವರು ಯಾವ ಇಲಾಖೆಯವರೆಂದು ಅಂದು ಹೇಳಲಿಲ್ಲ, ಇಂದಿಗೂ ತಿಳಿದಿಲ್ಲ. ಅಮಲ್ದಾರರು ದೊಡ್ಡಿಯ ಬಾಗಿಲು ತೆಗೆಯಲು ಹೇಳಿದರು. ಹೊಂಬಾಳಯ್ಯ ಅಗುಳಿಯ ಮೇಲೆ ಕೈಯಿಟ್ಟು ನಿಂತ.

“ಗುರುತು ಹೇಳ್ಬೇಕು ಬುದ್ಧಿ. ಹೇಳ್ದೆ ತೆಗೆಯೋ ಹಂಗಿಲ್ಲ.”

ಅಮಲ್ದಾರರ ಮುಖ ಕೆಂಪಾಯಿತು. ಟೋಪಿಯವರಲ್ಲಿ ಹಿರಿಯ ನಕ್ಕು ಗುರುತು ಹೇಳಿದ: ಬಲೆಗೆ ಹದಿನಾರು ಎಳೆ, ಗೂಡು ಬಿದಿರಿನದು, ಪೆಟ್ಟಿಗೆಯ ಮುಚ್ಚಳಕ್ಕೆ ಮೂರು ತಿರುಪು, ಒಳಗೆ ಗಡಿಯಾರ. ಒಂದೂ ತಪ್ಪಲಿಲ್ಲ. ಬೇರೆ ಲೋಕದಿಂದ ಬಂದದ್ದು ಎನ್ನುವವರು ಈ ಭಾಗವನ್ನು ಬಿಟ್ಟು ಕಥೆ ಹೇಳುತ್ತಾರೆ. ಹೊಂಬಾಳಯ್ಯನಿಗೆ ಸಂತೋಷವೇ ಆಯಿತು. ಒಡೆಯ ಸಿಕ್ಕಿದ. “ಹಂಗಾದ್ರೆ ನಿಮ್ದೇ. ಇಲ್ಲಿ ಒಂದು ರುಜು ಹಾಕ್ಬುಡಿ” ಎಂದು ಬಾಗಿಲು ತೆಗೆದು ಪುಸ್ತಕ ಚಾಚಿದ.

ಟೋಪಿಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅಮಲ್ದಾರರು ಪುಟ ಓದಿದರು. ಇಂಥದ್ದೊಂದು ಬಂದೇ ಇಲ್ಲ, ಇದನ್ನು ಹೊಡೆದುಹಾಕಿ ಬಿಳಿ ಕರು ಒಂದು, ದೊಡ್ಡಿಯಲ್ಲಿ ಸತ್ತಿತು ಎಂದು ಬರೆಸು ಎಂದರು.

“ಕರು ಸಾಯ್ಲಿಲ್ವಲ್ಲ ಬುದ್ಧಿ.”

“ಬರೆಸು ಅಂದೆ.”

“ಕರು ಅಂದ್ರೆ ನಮ್ಮಪ್ಪ ಎದ್ದು ಬತ್ತಾನೆ. ಬೇರೆ ಏನಾರ ಹೇಳಿ, ಬರೆಸ್ತೀನಿ.”

ಅಮಲ್ದಾರರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಹನ್ನೊಂದನೆಯ ಪುಟವನ್ನು ಹರಿದು ಮಡಚಿ ಕೋಟಿನ ಜೇಬಿಗಿಟ್ಟರು. ತೊಗಲನ್ನೂ ಗೂಡನ್ನೂ ಪೆಟ್ಟಿಗೆಯನ್ನೂ ಮೋಟಾರಿಗೆ ತುರುಕಿ, ಯಾರೂ ಬಾಯಿಬಿಡಕೂಡದೆಂದು ಊರಿಗೆ ತಾಕೀತು ಮಾಡಿ ಹೊರಟರು. ಸರ್ಕಾರದ ಒಳಸಂಚು ಎನ್ನುವುದು ಇಷ್ಟೇ. ಇದರ ಹಿಂದೆ ಗುಟ್ಟಿನ ಯುದ್ಧಯಂತ್ರವಿತ್ತು ಎನ್ನುವವರಿದ್ದಾರೆ. ರುಜು ಹಾಕಿದರೆ ಕಳೆದದ್ದು ನಮ್ಮ ಕೈಯಿಂದ ಎಂದು ಒಪ್ಪಿದಂತೆ, ಅದಕ್ಕೆ ಯಾರೂ ತಯಾರಿರಲಿಲ್ಲ ಎಂಬುದು ಇನ್ನೊಂದು ಊಹೆ. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಎರಡನೆಯದರಲ್ಲಿ ನಂಬಿಕೆ ಹೆಚ್ಚು.

ಹೊಂಬಾಳಯ್ಯನಿಗೆ ಎರಡೂ ಬೇಕಿರಲಿಲ್ಲ. ಎರಡು ತಿಂಗಳಲ್ಲಿ ತಪಾಸಣೆ. ಹಾಳೆಗೆ ಒಂದರಂತೆ ಅಂಕಿ ಹಾಕಿದ ಪುಸ್ತಕ. ಹತ್ತರ ಮುಂದೆ ಹನ್ನೆರಡು ಬಂದರೆ, ನಡುವಿನ ದನವನ್ನು ಮಾರಿಕೊಂಡನೆಂದೇ ಅರ್ಥ. ಅಪ್ಪನ ಹೆಸರು ಮಗನಿಗೂ ಬರುತ್ತದೆ. ಶಾನುಭೋಗರು ಸಮಾಧಾನ ಹೇಳಿದರು: “ಕರು ಸತ್ತಿತು ಅಂತ ಹೊಸ ಹಾಳೆ ಅಂಟಿಸೋಣ. ಎಚ್ಚರಿಕೆ ಕೊಟ್ಟು ಬಿಡ್ತಾರೆ.” ಹೊಂಬಾಳಯ್ಯ, “ನಮ್ಮಪ್ಪಂಗೂ ಹಂಗೇ ಅಂದಿದ್ರು ಸ್ವಾಮಿ” ಎಂದ. ಅಂದು ಹಾಗೆ ಅಂದವರು ಆಗಿನ ಶಾನುಭೋಗರು, ತಿರುಮಲಯ್ಯನವರ ತಂದೆಯೇ. ತಿರುಮಲಯ್ಯ ಪುಸ್ತಕ ಮುಚ್ಚಿಟ್ಟು, ಆ ಪುಟ ತಮಗೆ ಬಾಯಿಪಾಠವಿದೆ, ಆದರೆ ಕಾಗದದಲ್ಲಿ ಬರೆದರೆ ಮತ್ತೆ ಹರಿಯುತ್ತಾರೆ ಎಂದರು. ಹರಿಯಲಾಗದ್ದರ ಮೇಲೆ ಬರೆಯಬೇಕೆಂದು ಹೊಂಬಾಳಯ್ಯ ಆಗ ಹೇಳಿದನೆನ್ನುತ್ತಾರೆ. ಶಾನುಭೋಗರು ಮಾತ್ರ, ಅದು ಹೊಳೆದದ್ದು ತಮಗೆ ಎಂದು ಕೊನೆಯವರೆಗೂ ಹೇಳಿಕೊಂಡರು.

ಬಾಗಿಲ ಬಲಗಡೆಯ ದೊಡ್ಡ ಕಲ್ಲಿನ ಮೇಲೆ ಶಾನುಭೋಗರು ಸುಣ್ಣದಲ್ಲಿ ಬರೆದರು. ಬೀಸುಕಲ್ಲು ಕುಟ್ಟಲು ಊರಿಗೆ ಬಂದಿದ್ದವನು ಅದೇ ಉಳಿಯಲ್ಲಿ ಅಕ್ಷರ ಕೊರೆದ. ಕಂಡವರ ಸಾಕ್ಷಿ ಬೇಕು, ಆದರೆ ಕಲ್ಲಿನ ಮೇಲೆ ಹೆಬ್ಬೆಟ್ಟು ಹತ್ತುವುದಿಲ್ಲ. ಕೆಂಪಮ್ಮ ಮುಂದೆ ಬಂದು, “ನನ್ನ ಎಮ್ಮೆ ತೊಡೆ ಮೇಲಿರೋ ಮುದ್ರೆ ಕೊರಿ. ಅದನ್ಯಾವ ಅಮಲ್ದಾರ ಜೇಬಿಗಾಕ್ಕತಾನೋ ನೋಡಾನ” ಎಂದಳು. ಅಮಲ್ದಾರರ ತಾಕೀತು ಎಲ್ಲರಿಗೂ ನೆನಪಿತ್ತು. ಆದರೂ ಉಳಿದ ಆರು ಜನ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮನೆಯ ಮುದ್ರೆ ಕೊಟ್ಟರು. ಕುಂಬಾರನಿಗೆ ದನವಿರಲಿಲ್ಲ. ಅವನು ಒಂದು ಮಡಕೆ ಬರೆಸಿದ.

ತಪಾಸಣೆಗೆ ಮೇಲಿನ ಕಚೇರಿಯಿಂದ ಶಿರಸ್ತೇದಾರರೊಬ್ಬರು ಬಂದರು. ಜೊತೆಗೆ ಅಮಲ್ದಾರರೂ ಇದ್ದರು. ಪುಸ್ತಕ ತಿರುವುತ್ತಾ ಹತ್ತರಿಂದ ಹನ್ನೆರಡಕ್ಕೆ ಹೋದ ಶಿರಸ್ತೇದಾರರು ತಲೆಯೆತ್ತಿ, “ಹನ್ನೊಂದು ಎಲ್ಲಯ್ಯ?” ಎಂದರು. ಹೊಂಬಾಳಯ್ಯ ಅವರನ್ನು ಬಾಗಿಲ ಬಳಿಗೆ ಕರೆದೊಯ್ದ. ಅವರು ಕಲ್ಲನ್ನು ಎರಡು ಸಲ ಓದಿದರು. ಈ ಮುದ್ರೆಗಳು ಯಾರವು ಎಂದು ಕೇಳಿದರು. ಏಳು ಜನ ಎದ್ದು ನಿಂತರು. ಶಿರಸ್ತೇದಾರರು ಅಮಲ್ದಾರರ ಕಡೆ ತಿರುಗಿದರು. ಅಮಲ್ದಾರರು ಹೊಂಗೆಮರ ನೋಡುತ್ತಿದ್ದರು. ಶಿರಸ್ತೇದಾರರು ಲೇಖನಿ ಅದ್ದಿ ಪುಸ್ತಕದ ಅಂಚಿನಲ್ಲಿ ಬರೆದರು: ಹನ್ನೊಂದನೆಯ ಪುಟ ದೊಡ್ಡಿಯ ಗೋಡೆಯಲ್ಲಿದೆ, ತಪಾಸಣೆ ಮಾಡಲಾಯಿತು. ಆ ಪುಸ್ತಕವನ್ನು ಕಂಡವರು ಈಗ ಯಾರೂ ಇಲ್ಲ, ಗೆದ್ದಲು ತಿಂದಿತೆನ್ನುತ್ತಾರೆ. ಹೊಂಬಾಳಯ್ಯ ಮುಂದೆ ಹತ್ತೊಂಬತ್ತು ವರ್ಷ ದೊಡ್ಡಿ ಕಾದದ್ದಕ್ಕೆ ಮಾತ್ರ ಊರೆಲ್ಲ ಸಾಕ್ಷಿ. ಯಾರ ಬಾಯಲ್ಲೂ ಕರುವಿನ ಮಾತು ಬರಲಿಲ್ಲ. ದೊಡ್ಡಿಗೆ ಚಂದ್ರನ ಹೆಸರು ಬಂತು. ದಿಬ್ಬದ ಕೆಳಗೆ ಮನೆಗಳಾದಾಗ ಆ ಹಟ್ಟಿಗೂ ಅದೇ ಉಳಿಯಿತು.

ಕಲ್ಲು ಇನ್ನೂ ಇದೆ. ‘ಚಂದ್ರ ಒಂದು. ಬಣ್ಣ ಬಿಳಿ. ಕೊಂಬು ಇಲ್ಲ. ಮುದ್ರೆ ಅಳಿಸಿದೆ. ಪಡುವಲಿಂದ ಬಂತು. ಬಿಡಿಸಿಕೊಂಡವರು ಸರ್ಕಾರ’ ಎಂಬಷ್ಟನ್ನು ಬಿಸಿಲು ಓರೆಯಾದಾಗ ಯಾರು ಬೇಕಾದರೂ ಓದಬಹುದು. ಭಾನುವಾರದವರು ಅದನ್ನು ಓದುವುದಿಲ್ಲ. ಅದರ ಕೆಳಗಿನ ಸುತ್ತು, ತ್ರಿಶೂಲ, ಮೂರು ಗೆರೆ, ಮಡಕೆಗಳ ಫೋಟೋ ತೆಗೆದು ಇದು ನಕ್ಷತ್ರಲೋಕದ ಲಿಪಿ ಎಂದು ಹಂಚುತ್ತಾರೆ. ಕೆಂಪಮ್ಮನ ಮೊಮ್ಮಗಳ ಮನೆಯ ಎಮ್ಮೆಗಳು ಅದೇ ಲಿಪಿಯನ್ನು ತೊಡೆಯ ಮೇಲೆ ಹೊತ್ತು ಅವರ ಕಾರುಗಳ ಪಕ್ಕದಲ್ಲೇ ಹಾದುಹೋಗುತ್ತವೆ. ಕಲ್ಲಿನ ತೀರ ಕೆಳಗೆ ‘ರುಜು’ ಎಂದು ಕೊರೆದು, ಮುಂದೆ ಅಂಗೈಯಗಲ ನುಣ್ಣಗೆ ಉಜ್ಜಿ ಬಿಟ್ಟ ಜಾಗವೊಂದಿದೆ. ಬಿಡಿಸಿಕೊಂಡವರ ರುಜುವಿಗೆಂದು ಹೊಂಬಾಳಯ್ಯ ಹೇಳಿ ಇಡಿಸಿದ್ದು. ಅದು ಖಾಲಿಯಾಗಿಯೇ ಇದೆ.