ಗೌಡರ ಹೊಸ ಗೋಡೆಯ ರುಚಿ

ಹಳ್ಳದ ದಂಡೆಯ ಸವಳು ದಿಬ್ಬವೆಂದರೆ ಊರ ದನಗಳಿಗೆ ಪ್ರಾಣ. ಅದರ ಉಪ್ಪುಮಣ್ಣು ನೆಕ್ಕಿಯೇ ಅವು ಗಟ್ಟಿಯಾಗಿದ್ದವು. ತಮ್ಮ ಹೊಸ ಮನೆಯ ಗೋಡೆಗೆ ಆ ಮಣ್ಣೇ ಬೇಕೆಂದು ಗೌಡರು ದಿಬ್ಬದ ಸುತ್ತ ಮುಳ್ಳುಬೇಲಿ ಹಾಕಿಸಿದರು.

"ದಿಬ್ಬದ ಕಡೆ ಒಂದು ದನ ಸುಳಿದರೂ ನಿನ್ನ ಕಾಲು ಮುರೀತೀನಿ" ಎಂದು ದನ ಕಾಯುವ ಹುಲಿಗೆವ್ವನಿಗೆ ಗದರಿದರು.

ಉಪ್ಪಿಲ್ಲದೆ ಆಕಳುಗಳು ಒಣ ಎಲುಬು ಕಡಿಯತೊಡಗಿದವು. ಅದನ್ನು ಕಂಡೂ ಹುಲಿಗೆವ್ವ ಗೌಡರ ಗೋಡೆ ಎದ್ದು ಒಣಗುವತನಕ ಹಲ್ಲು ಕಚ್ಚಿ ಕಾದಳು. ಆಮೇಲೆ ಒಂದು ಸಂಜೆ ಇಡೀ ಹಿಂಡನ್ನು ಗೌಡರ ಓಣಿಗೆ ತಿರುಗಿಸಿದಳು.

ದನಗಳೆಲ್ಲ ಗೋಡೆಗೆ ನಾಲಿಗೆ ಹಚ್ಚಿದವು. ಮಣ್ಣು ಕರಗಿ ಕರಗಿ ಉದುರಿತು.

ಗೌಡರು ಬಡಿಗೆ ಹಿಡಿದು ಓಡಿಬಂದರು. "ಎಷ್ಟು ಸೊಕ್ಕ ನಿನಗ!"

"ದಿಬ್ಬದ ಕಡೆ ಒಂದು ದನಾನೂ ಸುಳಿದಿಲ್ರೀ ಗೌಡ್ರ. ದಿಬ್ಬಾನ ನೀವು ಓಣಿಗೆ ತಂದು ನಿಲ್ಲಿಸೀರಿ."

ಗೌಡರು ಒಂದು ಆಕಳನ್ನು ನೂಕಿದರೆ ನಾಲ್ಕು ಬಂದು ನೆಕ್ಕಿದವು. "ಆ ದಿಬ್ಬಕ್ಕ ಹೊಡಕೊಂಡು ಹೋಗ, ಮಾರಾಯ್ತಿ!"

"ಅಲ್ಲಿ ಬೇಲಿ ಐತಿ." ಹುಲಿಗೆವ್ವ ಗೋಡೆಯ ಬುಡದಲ್ಲೇ ಕುಳಿತಳು. "ಹಾಕಿಸಿದವರು ನೀವು, ಕೀಳಾಕ ನೀವ ಹೋಗ್ರಿ. ಲಗೂನ ಹೋಗ್ರಿ, ನೀವು ಬರೂತನಕ ಇವು ನೆಕ್ಕೋದು ಬಿಡಂಗಿಲ್ಲ."