ಜಂತಿ ಮುಚ್ಚಲು ಹೋದ ಅಡಿವೆಪ್ಪ

ಹೂಂಗುಟ್ಟುವವರು ಮುಂದೆ ಬನ್ನಿ, ಆಕಳಿಸುವವರು ಗೋಡೆಗೆ ಒರಗಿಕೊಳ್ಳಿ. ನಡುವೆ ಎದ್ದು ಹೋದವರು ಈ ಕತೆಯ ಪೆದ್ದನಿಗೆ ಜೊತೆಗಾರರು ಅಂತ ಊರೆಲ್ಲ ಸಾರಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ.

ರಾಚವ್ವ ಅಂತ ಒಬ್ಬ ತಾಯಿ. ಗಂಡ ಇರಲಿಲ್ಲ, ಮಕ್ಕಳು ಇಬ್ಬರು. ಮಗಳು ಕಸ್ತೂರಿ ಬಲು ಜಾಣೆ, ಅವಳು ಮದುವೆಯಾಗಿ ಹೊಳೆಯಾಚೆಯ ಊರಿಗೆ ಹೋದಳು. ಮಗ ಅಡಿವೆಪ್ಪ, ಅವನು ಮನೆಯಲ್ಲೇ ಉಳಿದ. ಇದು ಅದಲುಬದಲಾಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ರಾಚವ್ವ ರೊಟ್ಟಿ ಬಡಿಯುವಾಗೆಲ್ಲ ಅಂದುಕೊಳ್ಳುತ್ತಿದ್ದಳು. ಹಾಗಂತ ಅಡಿವೆಪ್ಪ ಕೆಟ್ಟವನಲ್ಲ. ಎತ್ತಿನಂಥ ಮೈ, ಎಮ್ಮೆಯಂಥ ತಾಳ್ಮೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ದೊಡ್ಡ ಕಷ್ಟ. ‘ಹಾಲು ನೋಡ್ತಿರಪಾ’ ಅಂದರೆ ಹಾಲು ಉಕ್ಕಿ ಒಲೆ ಆರುವ ತನಕ ಕಣ್ಣು ಮಿಟುಕಿಸದೆ ನೋಡುತ್ತಿದ್ದ. “ನೋಡಿದ್ನಿಬೇ, ಭಾಳ ಚಂದ ಉಕ್ಕಿತು!” ಅನ್ನುತ್ತಿದ್ದ.

ಅವರದು ಹಳೆಯ ಮಣ್ಣಿನ ಮಾಳಿಗೆ ಮನೆ. ಗೋಡೆ ಗಟ್ಟಿ, ನೆಲ ಸಾರಿಸಿ ಚೊಕ್ಕ. ತಲೆ ಎತ್ತಿದರೆ ಮಾತ್ರ ಮುಖ ಕಿವುಚಬೇಕು. ಹೊಗೆ ಕುಡಿದು ಕರ್ರಗಾದ ಜಂತಿಗಳು. ಜಂತಿಯ ಸಂದಿಯಲ್ಲಿ ಗೆದ್ದಲು. ಗೆದ್ದಲು ತಿಂದ ಕಡೆಯಿಂದೆಲ್ಲ ಮಣ್ಣು ಸುರ್ರನೆ ಉದುರುವುದು. ರಾಚವ್ವನಿಗೆ ಅದು ರೂಢಿಯಾಗಿತ್ತು. ಅನ್ನದ ಮೇಲೆ ಬಿದ್ದರೆ ಊದಿ ತಿನ್ನುತ್ತಿದ್ದಳು. ಬಂದವರಿಗೆ ರೂಢಿಯಾಗಬೇಕಲ್ಲ?

ಕಸ್ತೂರಿ ಈಗ ಚೊಚ್ಚಲ ಬಸುರಿ. ಚೊಚ್ಚಲ ಬಾಣಂತನ ತವರಿನದು, ಅದು ಎಲ್ಲರೂ ಬಲ್ಲ ಮಾತು. ಅದನ್ನು ಮಾತಾಡಿ ಹೋಗಲು ಅವಳ ಅತ್ತೆ ಮುರಿಗೆವ್ವ ಬಂದಳು. ಬೀಗತಿ ಅಂದ ಮೇಲೆ ಹೋಳಿಗೆ ಆಗಲೇಬೇಕು. ಹೋಳಿಗೆಯಾಯಿತು, ತುಪ್ಪವಾಯಿತು. ಮುರಿಗೆವ್ವ ಒಂದು ತುತ್ತು ಮುರಿಯುವುದಕ್ಕೂ ಮೇಲಿಂದ ಒಂದು ಹಿಡಿ ಮಣ್ಣು ಬೀಳುವುದಕ್ಕೂ ಸರಿಹೋಯಿತು. ಮಣ್ಣಿನ ಜೊತೆಗೆ ಒಂದು ಹುಳ. ಹುಳ ತುಪ್ಪದಲ್ಲಿ ಈಜತೊಡಗಿತು.

ಮುರಿಗೆವ್ವ ತಾಟು ಸರಿಸಿದಳು. “ರಾಚವ್ವಾರ, ಈ ಜಂತಿ ಕೆಳಗ ನಮ್ಮ ಕೂಸು ಮಲಗೂದಿಲ್ಲ. ಹುಣ್ಣಿವಿ ಕಳದ ಸೋಮವಾರ ಸೊಸಿನ್ನ ಕರಕೊಂಡು ಬರ್ತೀನಿ. ಜಂತಿ ಮುಚ್ಚಿದ್ರ ಬಿಟ್ಟ ಹೋಗ್ತೀನಿ. ಇಲ್ಲಂದ್ರ ಬಂದ ಗಾಡ್ಯಾಗ ತಿರುಗಿ ಕರಕೊಂಡು ಹೋಗ್ತೀನಿ. ಬಾಣಂತನ ನಮ್ಮ ಮನ್ಯಾಗ!”

ಬೀಗತಿ ಹೋದಳು. ರಾಚವ್ವ ಕಂಬಕ್ಕೆ ಒರಗಿ ಕೂತಳು. ಮಗಳಿಗೆ ಬಿಸಿನೀರು ಹಾಕುವವರು ಬೇರೆಯವರು, ಕೂಸಿಗೆ ಎಣ್ಣೆ ತೀಡುವವರು ಬೇರೆಯವರು. ತಾನು ನೆಂಟರ ಹಾಗೆ ಹೋಗಿ, ನೋಡಿ, ಬರಬೇಕು. “ಅಡಿವ್ಯಾ, ಹೆಂಗರ ಮಾಡಿ ಈ ಜಂತಿ ಮುಚ್ಚಬೇಕೋ!” ಅಂದಳು. “ಮುಚ್ಚೂಣಬೇ!” ಅಂದ ಅಡಿವೆಪ್ಪ.

“ಮ್ಯಾದರ ಈರಣ್ಣನ ಹಂತ್ಯಾಕ ಹೋಗು. ಜಂತಿಗೆ ಬಡಿಯೂ ಬಿದಿರ ತಟ್ಟಿ ಹೆಣದಿಟ್ಟಾನ, ಕೂಲಿ ಜ್ವಾಳ ಆಗಲೇ ಮುಟ್ಟಸೀನಿ. ಓಣಿ ಸಣ್ಣದೈತಿ, ಮಡಚಿಕೊಂಡು ಬಾ.”

ಹೋದ. ತಟ್ಟಿ ನೋಡಿದರೆ ಬಾಗಿಲಿನಷ್ಟು ಬಿರುಸು. ಅವ್ವ ಮಡಚು ಅಂದಿದ್ದಾಳೆ. ಧೋತರ ಮಡಚಿದ ಹಾಗೆ ಮಡಚಿದ. ಮಡಚಿಕೊಳ್ಳಲಿಲ್ಲ, ಮೇಲೆ ಹತ್ತಿ ನಿಂತ. ಚಟ್! ಮತ್ತೊಂದು ಮಡಿಕೆ, ಮತ್ತೆ ಹತ್ತಿ ಕುಣಿದ. ಚಟ್ ಚಟ್! ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ. ರಾಚವ್ವ ಬಿಚ್ಚಿದಳು. ಬಿಚ್ಚಲು ಏನಿದೆ, ಒಲೆಗೆ ಹಾಕುವ ಪುಳ್ಳೆ!

“ಅಯ್ಯೋ ನನ್ನ ಕರ್ಮವ! ಬಿದಿರ ಯಾರರ ಮಡಚತಾರೇನೋ?”

“ನೀನ ಹೇಳಿದ್ದಲ್ಲಬೇ!”

“ಹೇಳಿದ್ನಿ, ನನ್ನ ನಾಲಿಗಿಗೆ ಹುಳ ಬಿತ್ತು! ಬಿರುಸ ಇದ್ದದ್ದನ್ನ ಮದಲ ಹಳ್ಳದಾಗ ನೆನಿ ಹಾಕಬೇಕು. ಮೆತ್ತಗಾದ ಮ್ಯಾಲೆ ತರಬೇಕು. ತಿಳೀತೋ?”

“ತಿಳೀತಬೇ. ಮುಂದಿನ ಸಲ ಹಂಗ ಮಾಡ್ತೀನಿ.”

ತಟ್ಟಿ ಹೋಯಿತು. ಹೋಗಲಿ, ಸುಣ್ಣವನ್ನಾದರೂ ಬಳಿಯೋಣ, ಕರಿ ಹೋಗಿ ಬಿಳಿ ಆದೀತು, ಹುಳ ಸತ್ತೀತು ಅಂದುಕೊಂಡಳು ರಾಚವ್ವ. “ಸುಣ್ಣದ ಭಟ್ಟಿಗೆ ಹೋಗಿ ಸುಟ್ಟ ಸುಣ್ಣದ ಹರಳು ತಗೊಂಡು ಬಾ” ಅಂತ ಚೀಲ ಕೊಟ್ಟಳು.

ಹೋದ. ಚೀಲ ತುಂಬಿಸಿಕೊಂಡ. ಮುಟ್ಟಿ ನೋಡಿದ. ಕಲ್ಲಿನಷ್ಟು ಬಿರುಸು! ಬಿರುಸಾದದ್ದನ್ನು ಏನು ಮಾಡಬೇಕು? ಅವ್ವ ಹೇಳಿಕೊಟ್ಟಿದ್ದಾಳೆ. ಚೀಲವನ್ನು ಹಳ್ಳದ ಮಡುವಿನಲ್ಲಿ ಮುಳುಗಿಸಿ ದಂಡೆಯ ಮೇಲೆ ಕೂತ.

ಹಳ್ಳ ಒಮ್ಮೆ ಗುಳು ಗುಳು ಅಂದಿತು. ಆಮೇಲೆ ಕುದಿಯಿತು. ಹೊಗೆ ಎದ್ದಿತು. ನೀರಿಗೆ ಬಿದ್ದಿದ್ದ ಎಮ್ಮೆಗಳು ಬಾಲ ಎತ್ತಿ ಓಡಿದವು. ಬಟ್ಟೆ ಒಗೆಯುತ್ತಿದ್ದ ಹೆಂಗಸರು, “ಹಳ್ಳಕ್ಕ ಜ್ವರ ಬಂದೈತ್ರವ್ವೋ!” ಅಂತ ಒದ್ದೆ ಬಟ್ಟೆ ಬಿಟ್ಟು ಊರ ಕಡೆ ಓಡಿದರು. ಅಡಿವೆಪ್ಪ ಮಾತ್ರ ಕೂತೇ ಇದ್ದ. ಹೊಗೆಯೆಲ್ಲ ಅಡಗಿದ ಮೇಲೆ ಖಾಲಿ ಚೀಲ ಕೊಡವಿಕೊಂಡು ಮನೆಗೆ ಬಂದ.

“ಸುಣ್ಣ ಎಲ್ಲೋ?”

“ಭಾಳ ಮೆತ್ತಗಾತಬೇ. ಎಷ್ಟ ಮೆತ್ತಗಾತಂದ್ರ ಕೈಗೇ ಸಿಗಲಿಲ್ಲ!”

ರಾಚವ್ವ ಹಣೆ ಚಚ್ಚಿಕೊಂಡಳು. “ಹೆಡ್ಡಾ! ಅದಕ್ಕ ನೀರು ಸೋಕಬಾರದು, ಗಾಳಿ ಸೋಕಬಾರದು! ಕಂಬಳ್ಯಾಗ ಸುತ್ತಬೇಕು, ಹಗ್ಗದ್ಲೆ ಬಿಗೀಬೇಕು, ಹೆಗಲ ಮ್ಯಾಲೆ ಹೊತ್ಕೊಂಡು ಬರಬೇಕು!”

“ಇಷ್ಟನ ಏನಬೇ? ಮುಂದಿನ ಸಲ ಹಂಗ ಮಾಡ್ತೀನಿ.”

ಸುಣ್ಣವೂ ಹೋಯಿತು. ಹುಣ್ಣಿಮೆ ಹತ್ತಿರ ಬಂತು. ರಾಚವ್ವನಿಗೆ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಹಲಗೆಗಳು ಕಂಡವು. ಜಂತಿಯ ಕೆಳಗೆ ಹಲಗೆ ಹೊಡೆಸಿದರೆ ಆಯಿತಲ್ಲ! “ಅಡಿವ್ಯಾ, ಬಡಿಗ್ಯಾರ ಮೌನೇಶಜ್ಜನ್ನ ಕರಕೊಂಡು ಬಾ. ಲಗೂನ ಬಾ.”

ಹೋದ. ಹೋಗುವಾಗ ಕಂಬಳಿಯನ್ನೂ ಹಗ್ಗವನ್ನೂ ತೆಗೆದುಕೊಂಡೇ ಹೋದ. ಜಾಣನಾಗಿಬಿಟ್ಟ ನೋಡಿ! ಮೌನೇಶಜ್ಜ ಅಂಗಳದಲ್ಲಿ ಉಳಿ ಮಸೆಯುತ್ತ ಕೂತಿದ್ದ. “ಬಾರೋ ತಮ್ಮಾ, ಏನ್ ಬಂದಿ?” ಅನ್ನುವುದರೊಳಗೆ ಕಂಬಳಿ ತಲೆಯಿಂದ ಕಾಲಿನ ತನಕ ಸುತ್ತಿತು, ಹಗ್ಗ ಬಿಗಿಯಿತು, ಅಜ್ಜ ಹೆಗಲೇರಿದ.

ಕಂಬಳಿ ಸುತ್ತಿದ ಉದ್ದನೆಯ ಗಂಟು ಓಣಿಯಲ್ಲಿ ಹೋದರೆ ಊರವರು ಏನಂದುಕೊಳ್ಳಬೇಕು? “ಅಯ್ಯಯ್ಯೋ, ಮೌನೇಶಜ್ಜ ಹೋದನ!” ಅಂತ ಒಬ್ಬಳು ಅತ್ತಳು. ಅವಳನ್ನು ನೋಡಿ ಮತ್ತೊಬ್ಬಳು ಅತ್ತಳು. ಭಜನೆಯವರು ತಾಳ ತಂದರು. ಮಂದಿ ಹಿಂದೆ ಹಿಂದೆ ಬಂದರು. ರಾಚವ್ವನ ಬಾಗಿಲಿಗೆ ಬರುವ ಹೊತ್ತಿಗೆ ಒಬ್ಬ ಹೂವಿನ ಹಾರ ಹಿಡಿದು ನಿಂತಿದ್ದ. ಆಗ ಕಂಬಳಿಯೊಳಗಿನಿಂದ, “ಮದಲ ನನ್ನ ಇಳಸ್ರೋ, ಆಮ್ಯಾಲೆ ಅಳ್ರೋ!” ಅಂತ ಕೂಗು ಬಂತು. ಹಾರ ಹಿಡಿದವನು ಹಾರ ಅಲ್ಲೇ ಬಿಟ್ಟು ಓಡಿದ.

ಮೌನೇಶಜ್ಜ ಕಂಬಳಿಯಿಂದ ಹೊರಬಂದು ಉಸಿರೆಳೆದುಕೊಂಡ. “ಈ ಮನಿಗೆ ಮೊಳಿ ಹೊಡದ್ರ ನಾ ಬಡಿಗ್ಯಾರ ಅಲ್ಲ!” ಅಂತ ಆಣೆ ಇಟ್ಟು ಹೋದ.

“ಹಿರಿಯಾರನ್ನ ಹಿಂಗ ತರತಾರೇನೋ ಮೂಳಾ?” ರಾಚವ್ವನಿಗೆ ಅಳು ಬಂತು. “ಕೈ ಮುಗೀಬೇಕು! ನೀವ ಮುಂದ ನಡೀರಿ ಅನ್ನಬೇಕು! ಅವರು ನಡದ್ರ ನೀ ಹಿಂದ ನಡೀಬೇಕು. ಅವರು ನಿಂತ್ರ ನೀನೂ ನಿಂದ್ರಬೇಕು!”

“ಸಿಟ್ಟಾಗಬ್ಯಾಡಬೇ. ಮುಂದಿನ ಸಲ ಹಂಗ ಮಾಡ್ತೀನಿ.”

ಜಂತಿಯ ಕೆಳಗೆ ಕಟ್ಟಲು ಇನ್ನು ಉಳಿದದ್ದು ಬಟ್ಟೆ. ರಾಚವ್ವ ಟ್ರಂಕು ತೆಗೆದಳು. ಹಳೆಯ ಸೀರೆಗಳನ್ನೆಲ್ಲ ಹೊರಗೆ ಹಾಕಿದಳು. ಅಷ್ಟಾದರೂ ಸಾಲಲಿಲ್ಲ. ತಳದಲ್ಲಿ ಅವಳ ಮದುವೆಯ ಇಳಕಲ್ ಸೀರೆ ಇತ್ತು. ಅದನ್ನು ಮೂಗಿಗೆ ಹಿಡಿದಳು. ಆಮೇಲೆ, ಮಗಳಿಗಿಂತ ಇದು ಹೆಚ್ಚೇ ಅಂದುಕೊಂಡು ಅದನ್ನೂ ಹಾಕಿದಳು. ಪಕ್ಕದ ಓಣಿಯ ದಾನವ್ವ ಎಲ್ಲವನ್ನೂ ಕೂಡಿಸಿ ಮಶೀನಿನಲ್ಲಿ ಹೊಲಿದಿಟ್ಟಳು. ರಾಚವ್ವ ತಾನೇ ಹೋಗಬೇಕಿತ್ತು, ಆದರೆ ಒಲೆಯ ಮೇಲೆ ಬಾಣಂತಿಯ ಅಂಟಿನ ಉಂಡೆಗೆ ಪಾಕ ಇತ್ತು. ಅಡಿವೆಪ್ಪನನ್ನೇ ಕಳಿಸಿದಳು. ಪಾಕ ಕೆಟ್ಟರೂ ಪರವಾಗಿಲ್ಲ ಅಂತ ಅವಳೇ ಹೋಗಿದ್ದರೆ ಚೆನ್ನಾಗಿತ್ತು. ಹೋಗಿದ್ದರೆ ನಮಗೆ ಕತೆ ಎಲ್ಲಿತ್ತು?

ಅಡಿವೆಪ್ಪ ಬಟ್ಟೆಯನ್ನು ದಾನವ್ವನ ಕಟ್ಟೆಯ ಮೇಲೆ ಹಾಸಿ ಕೈ ಮುಗಿದ. “ನೀವ ಮುಂದ ನಡೀರಿ.” ಬಟ್ಟೆ ನಡೆಯಲಿಲ್ಲ. “ನಡೀರಿ, ನಾ ಹಿಂದ ಅದೀನಿ.” ಹೊಲದ ಕಡೆಯಿಂದ ಒಂದು ಸುಳಿಗಾಳಿ ಬಂತು. ಬಟ್ಟೆ ಎದ್ದಿತು, ಹಾರಿತು, ಹೊರಟೇಬಿಟ್ಟಿತು. ಅಡಿವೆಪ್ಪ ಕೈ ಮುಗಿದುಕೊಂಡು ಹಿಂದೆ ಹಿಂದೆ ನಡೆದ. ಬಟ್ಟೆ ಮನೆ ದಾಟಿತು, ಅವನೂ ದಾಟಿದ. ಊರು ದಾಟಿತು, ಅವನೂ ದಾಟಿದ. ಬಟ್ಟೆ ಒಂದು ಜಾಲಿಯ ಗಿಡಕ್ಕೆ ಸಿಕ್ಕಿ ನಿಂತಿತು. ಅವನೂ ನಿಂತ.

ಹೊತ್ತು ಇಳಿಯುವಾಗ ರಾಚವ್ವ ಹುಡುಕಿಕೊಂಡು ಬಂದಳು. ಜಾಲಿಯ ಮುಂದೆ ಮಗ ಕೈ ಮುಗಿದು ನಿಂತಿದ್ದಾನೆ.

“ಇಲ್ಲೇನ ಮಾಡ್ತೀಯೋ?”

“ಸುಮ್ಮನಿರಬೇ, ಅವರು ನಿಂತಾರ. ಅದಕ್ಕ ನಾನೂ ನಿಂತೀನಿ.”

ರಾಚವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮುಳ್ಳು ಬಿಡಿಸಿ ಬಟ್ಟೆ ಇಳಿಸಿಕೊಂಡಳು. ಮೈತುಂಬ ತೂತು. ಮನೆಯಲ್ಲಿ ದೀಪ ಹಚ್ಚಿಕೊಂಡು ಒಂದೊಂದೇ ತೇಪೆ ಹಾಕಿದಳು. ಬೆಳಿಗ್ಗೆ ತಾಯಿ ಮಗ ಸೇರಿ ಜಂತಿಗೆ ಕಟ್ಟಿದರು. ಅಡಿವೆಪ್ಪನ ಕೈ ಜಂತಿಗೆ ಹಾಗೇ ನಿಲುಕುತ್ತಿತ್ತು, ಕಟ್ಟಿದ್ದು ಬಿಗಿಯಾಗಿಯೇ ಕಟ್ಟಿದ. ಕೆಂಪು ಸೆರಗು ಒಂದು ಕಡೆ, ಹಸಿರು ಒಡಲು ಒಂದು ಕಡೆ. ಮನೆಗೆ ಹಬ್ಬ ಬಂದ ಹಾಗಿತ್ತು. ರಾಚವ್ವ ಸೊಂಟದ ಮೇಲೆ ಕೈ ಇಟ್ಟು ನೋಡಿದಳು. ನೋಡಿದರೆ ನಡುಮಧ್ಯದಲ್ಲಿ ಅಂಗೈ ಅಗಲದ ಒಂದು ತೂತು ಉಳಿದುಬಿಟ್ಟಿದೆ! ಸೂಜಿ ಹುಡುಕುವುದರೊಳಗೆ ಬಾಗಿಲಲ್ಲಿ ಗಾಡಿಯ ಗೆಜ್ಜೆ ಕೇಳಿಸಿತು. ಸೋಮವಾರ ಬಂದಿತ್ತು, ಸೋಮವಾರದ ಜೊತೆ ಬೀಗತಿಯೂ ಬಂದಿದ್ದಳು.

ರಾಚವ್ವ ಕೈಗೆ ಸಿಕ್ಕ ಮೊರವನ್ನು ಮಗನ ಕೈಗೆ ತುರುಕಿದಳು. “ತೂತಿನ ಕೆಳಗ ನಿಂದ್ರು. ಬೀಗತಿ ಮ್ಯಾಲ ನೋಡಿದ ಕೂಡ್ಲೆ ಮುಚ್ಚಿಬಿಡು. ಅಕಿಗೆ ತೂತ ಕಾಣಬಾರದು. ತಿಳೀತೋ?”

“ತಿಳೀತಬೇ! ನೋಡಿದ ಕೂಡ್ಲೆ ಮುಚ್ಚೂದು, ಕಾಣಬಾರದು.”

ಮುರಿಗೆವ್ವ ಕಾಲು ತೊಳೆದಳು, ಬೆಲ್ಲ ನೀರು ತೆಗೆದುಕೊಂಡಳು, ತೂತಿನ ಕೆಳಗಿನ ಕಂಬಳಿಯ ಮೇಲೆ ಕೂತಳು. ಪಕ್ಕದಲ್ಲಿ ಕಸ್ತೂರಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಳು. ಬೀಗತಿ ತಲೆ ಎತ್ತಿದಳು. ಕೆಂಪು ಸೆರಗು ನೋಡಿದಳು, ಹಸಿರು ಒಡಲು ನೋಡಿದಳು, ಕಣ್ಣು ಮೆಲ್ಲಗೆ ನಡುವಿಗೆ ಬಂತು.

ಧಪ್! ಅಡಿವೆಪ್ಪ ಬೀಗತಿಯ ಮುಖದ ಮೇಲೆ ಮೊರ ಮುಚ್ಚಿದ.

ಕಸ್ತೂರಿ ಬಾಯಿಗೆ ಸೆರಗು ತುರುಕಿಕೊಂಡಳು. ಮಗಳು ಕೈ ತಪ್ಪಿದಳು ಅಂದುಕೊಂಡಳು ರಾಚವ್ವ. ಅಷ್ಟರಲ್ಲಿ ತೂತಿನಿಂದ ಒಂದು ಹಿಡಿ ಮಣ್ಣು ಸುರ್ರನೆ ಇಳಿದು ಮೊರದ ಮೇಲೆ ಬಿತ್ತು.

ಮೊರದ ಕೆಳಗಿನಿಂದ ಮುರಿಗೆವ್ವ ಕೇಳಿದಳು. “ಏನ ಬಿತ್ತು?”

“ಮಣ್ಣರಿ ಅತ್ತಿ” ಅಂದ ಅಡಿವೆಪ್ಪ.

“ಹುಳಾ?”

“ಹುಳಾನೂ ಐತ್ರಿ.”

“ನನ್ನ ಮ್ಯಾಲ ಬಿತ್ತೇನು?”

“ಇಲ್ರಿ, ಮೊರದ ಮ್ಯಾಲ. ನಾ ಹಿಡಕೊಂಡೀನಲ್ರಿ!”

ಮುರಿಗೆವ್ವ ಅಲ್ಲೇ, ಮೊರದ ಕೆಳಗೇ, ಸ್ವಲ್ಪ ಹೊತ್ತು ವಿಚಾರ ಮಾಡಿದಳು. ಆಮೇಲೆ ನಗತೊಡಗಿದಳು. ಮೊರ ಕುಣಿಯಿತು. “ನಮ್ಮ ಮನಿ ತುಂಬ ಗಂಡಸರು ಅದಾರ್ರಿ ರಾಚವ್ವಾರ. ನನ್ನ ತಲಿ ಮ್ಯಾಲೆ ಒಬ್ಬಾವರ ಕೈ ಅಡ್ಡ ಹಿಡದಿಲ್ಲ. ಇವನ ನೋಡ್ರಿ!” ಅಂದಳು. ಮೊರ ಸರಿಸಿ ಅಡಿವೆಪ್ಪನ ಮುಖ ನೋಡಿದಳು. “ಕಸ್ತೂರಿನ್ನ ಬಿಟ್ಟ ಹೋಗ್ತೀನಿ. ಆದರ ನಿನಗ ಹೇಳಿ ಹೋಗ್ತೀನಪಾ. ನಮ್ಮ ಕೂಸಿನ ಮ್ಯಾಲ ಏನೂ ಬೀಳಬಾರದು. ಎಲ್ಲಿ ತೂತ ಕಾಣತೈತಿ, ಅಲ್ಲಿ ಮೊರ ಹಿಡಿ.”

“ಆಗ್ಲಿರಿ ಅತ್ತಿ. ಹಂಗ ಮಾಡ್ತೀನ್ರಿ.”

ಗಾಡಿ ಹೋಯಿತು. ಮಗಳು ಉಳಿದಳು. ರಾಚವ್ವ ಅಡುಗೆಮನೆಗೆ ಹೋಗಿ ಯಾರಿಗೂ ಕಾಣದ ಹಾಗೆ ಅತ್ತು, ಮುಖ ತೊಳೆದು, ಮಗನಿಗೆ ಒಂದು ಅಂಟಿನ ಉಂಡೆ ಹೆಚ್ಚಿಗೆ ಕೊಟ್ಟಳು. ಮಧ್ಯಾಹ್ನವೇ ಕಸ್ತೂರಿ ಸೂಜಿ ದಾರ ಹುಡುಕಿ ಆ ತೂತಿಗೆ ತೇಪೆ ಹಾಕಿಸಿದಳು. ಒಳಗೆ ಒಂದೂ ತೂತು ಉಳಿಯಲಿಲ್ಲ. ಅಡಿವೆಪ್ಪ ಮೊರ ಹಿಡಿದು ಮೂಲೆ ಮೂಲೆ ಹುಡುಕಿ ಬಂದ.

ಸಂಜೆಗೆ ಕಸ್ತೂರಿ ಗಾಳಿಗೆಂದು ಅಂಗಳದಲ್ಲಿ ಹೋಗಿ ಕೂತಳು. ಬೆನ್ನ ಹಿಂದೆಯೇ ಅಣ್ಣ ಬಂದ. ಅವಳ ಹೊಟ್ಟೆಯ ಮೇಲೆ ಅಡ್ಡವಾಗಿ ಮೊರ ಹಿಡಿದು ನಿಂತ.

“ಇಲ್ಲಿ ಜಂತಿ ಎಲ್ಲಿ ಐತೋ ಅಣ್ಣಾ? ಇದು ಬಯಲು. ಮ್ಯಾಲ ಬರೇ ಆಕಾಶ.”

ಅಡಿವೆಪ್ಪ ತಲೆ ಎತ್ತಿದ. ಕತ್ತಲು ಆಗಷ್ಟೇ ಇಳಿಯುತ್ತಿತ್ತು. ನೋಡಿದ, ನೋಡಿದ, ಬಾಯಿ ತೆರೆದುಕೊಂಡು ನೋಡಿದ. ಒಂದು ಚುಕ್ಕಿ ಮೂಡಿತು.

“ಯವ್ವಾ! ತೂತ!”

ಮೊರ ಎತ್ತಿ ಮುಚ್ಚಿದ. ಪಕ್ಕದಲ್ಲಿ ಮತ್ತೊಂದು ಮೂಡಿತು. ಅತ್ತ ಹಾರಿ ಅದನ್ನು ಮುಚ್ಚಿದ. ಬೇವಿನ ಮರದ ಆಚೆಗೆ ಒಂದು, ಮಾಳಿಗೆಯ ಅಂಚಿಗೆ ಒಂದು. ಅತ್ತ ಓಡಿದ, ಇತ್ತ ಓಡಿದ. ಕಸ್ತೂರಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.

ರಾಚವ್ವ ಬಾಗಿಲಿಗೆ ಬಂದು ನಿಂತಳು. ಈ ಸಲ ಬಯ್ಯಲಿಲ್ಲ. “ಸಾಕ ಬಾರೋ ಅಡಿವ್ಯಾ, ರೊಟ್ಟಿ ಆರಾಕ ಹತ್ತ್ಯಾವು!”

“ತಡಿಬೇ!” ಮೊರ ಎತ್ತಿಕೊಂಡೇ ಅಡಿವೆಪ್ಪ ಕೂಗಿದ. “ಇನ್ನೊಂದೀಟ ಉಳದಾವು, ಇವನ್ನಷ್ಟು ಮುಚ್ಚಿ ಬಂದಬಿಡ್ತೀನಿ!”